ಯಾವ ಹೊತ್ತಲ್ಲಿ ಫೋನ್ ಹಿಡೀತೀಯ?

2020ರ ಮಾರ್ಚ್‌ನಲ್ಲಿ ಕಾಲೇಜಿಗೆ ಬೀಗ ಬಿತ್ತು. ಶಿಡ್ಲಘಟ್ಟ ಕಡೆಯ ಪದವಿ ಕಾಲೇಜೊಂದರಲ್ಲಿ ಪಾಠದ ಜೊತೆ ಆಪ್ತಸಮಾಲೋಚನೆಯೂ ನನ್ನ ಪಾಲಿಗಿತ್ತು. ಸ್ವಲ್ಪ ದಿನಕ್ಕೇ ಪೋಷಕರ ಕರೆಗಳು ಶುರುವಾದವು: "ಸಾರ್, ನಮ್ಮ ಹುಡ್ಗ ಬೆಳಗಾಗೋ ತನಕ ಫೋನ್ ಬಿಡಲ್ಲ, ನೀವಾದ್ರೂ ಒಂದು ಮಾತು ಹೇಳಿ." ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಪೀಡೆ ತೊಲಗಿತು ಅಂತ ಖುಷಿಪಟ್ಟವರೂ ಇವರೇ. ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಹೆಬ್ಬೆರಳಿಗೆ ರಜೆ ಸಿಗಲಿಲ್ಲ.

ಅಳೆಯೋಕೆ ಅಂತ ನನ್ನ ಕೈಲಿದ್ದದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1998ರಲ್ಲಿ ರೂಪಿಸಿದ, ಇಂಟರ್ನೆಟ್ ಚಟ ಅಳೆಯುವ 20 ಪ್ರಶ್ನೆಗಳ ಪರೀಕ್ಷೆ. ಒಟ್ಟು 100 ಅಂಕ; 80 ಮುಟ್ಟಿದರೆ ತೀವ್ರ ಅವಲಂಬನೆ. ಅದು ಮೇಜಿನ ಮೇಲಿನ ಕಂಪ್ಯೂಟರ್ ಕಾಲದ್ದು. ಬೇರೆ ಕೆಲಸ ಬಿಟ್ಟು ಮೊದಲು ಇಮೇಲ್ ನೋಡ್ತೀಯಾ ಅನ್ನುವಂಥ ಪ್ರಶ್ನೆಯಿದೆ. ನಮ್ಮ ಹುಡುಗರು ಇಮೇಲ್ ತೆರೆಯೋದು ಅರ್ಜಿ ತುಂಬುವಾಗ ಮಾತ್ರ! ಅಲ್ಲಿ ವಾಟ್ಸಾಪ್ ಅಂತ ಸೇರಿಸಿ ಕೇಳಿದೆ. ಹಾಗೆ ಬದಲಿಸಿದ ಮೇಲೆ ಅಂಕಕ್ಕೆ ಬೆಲೆಯಿಲ್ಲ, ಮಾತಿಗೆ ಎಳೆಯೋಕೆ ಉಪಯೋಗಕ್ಕೆ ಬಂತು ಅಷ್ಟೆ.

ದಿನಕ್ಕೆ ಎಷ್ಟು ಗಂಟೆ ಅಂತ ನಾನು ಕೇಳುತ್ತಿರಲಿಲ್ಲ. ಪಾಠ, ನೋಟ್ಸು, ಗೆಳೆಯರು ಎಲ್ಲ ಅದೇ ಪರದೆಯಲ್ಲಿ. ಊರ ಅರಳಿಕಟ್ಟೆಯೇ ಅದರೊಳಗೆ ಹೋಗಿ ಕೂತಿತ್ತು. ನಾನು ಕೇಳಿದ್ದು ಇಷ್ಟು: ಯಾವ ಹೊತ್ತಲ್ಲಿ ಹಿಡೀತೀಯ, ಅದಕ್ಕೆ ಸ್ವಲ್ಪ ಮೊದಲು ಏನಾಗಿರುತ್ತೆ, ಕೈಯಿಂದ ಕಿತ್ಕೊಂಡ್ರೆ ಒಳಗೆ ಏನನ್ಸುತ್ತೆ. ಹುಡುಗಿಯರ ಅಂಕ ಕಡಿಮೆ ಬರುತ್ತಿತ್ತು. ಸಂಯಮ ಅಂದುಕೊಳ್ಳಬೇಡಿ, ಅಪ್ಪನ ಫೋನ್ ಅವರ ಕೈಗೆ ಸಿಗುತ್ತಿದ್ದದ್ದೇ ಸಂಜೆ ಮೇಲೆ.

ರೇಷ್ಮೆ ಸಾಕುವ ಮನೆಯ ಹುಡುಗನೊಬ್ಬ ಹೊತ್ತಿನ ಪ್ರಶ್ನೆಗೆ ಥಟ್ಟಂತ ಉತ್ತರ ಕೊಟ್ಟ: "ಅಪ್ಪ ಗೂಡಿನ ರೇಟು ಬಿತ್ತು ಅಂತ ಮಾತಾಡಿ ಮಲಗ್ತಾರಲ್ಲ ಸಾರ್, ಆವಾಗ." ಸಮಸ್ಯೆ ನಿದ್ದೆಯದು, ಅದರ ಹಿಂದೆ ಭಯ. ಫೋನ್ ಬಿಡು ಅಂತ ಹೇಳಲಿಲ್ಲ. ನಾಲ್ಕನೇ ಜ್ವರ, ಅಂದ್ರೆ ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತು, ಅದು ಮುಗಿಸಿ ಎದ್ದ ಮೇಲೆ ಹುಳು ಹಗಲು ರಾತ್ರಿ ಸೊಪ್ಪು ತಿನ್ನುತ್ತೆ. ರಾತ್ರಿಯ ಕೊನೇ ಸೊಪ್ಪು, ಬೆಳಗಿನ ಮೊದಲ ಸೊಪ್ಪು ಎರಡೂ ಅವನೇ ಹಾಕೋದು ಅಂತ ಅಪ್ಪನ ಹತ್ತಿರ ಒಪ್ಪಿಸಿದೆವು. ಹುಳು ಮನೆಗೆ ಕೈ ತೊಳೆದೇ ಹೋಗಬೇಕು, ಫೋನ್ ಒಳಗೆ ಬೇಡ ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ. ರಾತ್ರಿ ಚಾರ್ಜಿಗೆ ಹಾಕೋದು ಅಜ್ಜಿ ಮಲಗುವ ನಡುಮನೆಯಲ್ಲಿ. ಬೆಳಿಗ್ಗೆ ಏಳಲೇಬೇಕಾದ್ದರಿಂದ ನಿದ್ದೆ ಬೇಗ ಬರತೊಡಗಿತು.

ಗೂಡು ಮಾರಿದ ಮೇಲೆ, ಮುಂದಿನ ಬೆಳೆಗೆ ಮುಂಚಿನ ಬಿಡುವಲ್ಲಿ ಫೋನ್ ಮತ್ತೆ ಹಾಸಿಗೆಗೆ ಬಂತು. ಅದು ನಿರೀಕ್ಷೆಯದೇ. ಆ ದಿನಗಳಿಗೆ ಇಬ್ಬರು ಗೆಳೆಯರಿಗೆ ಮೆಸೇಜ್ ಬದಲು ಕರೆ ಮಾಡೋ ಹೊತ್ತು ಗೊತ್ತುಮಾಡಿದೆವು. ಅರ್ಧಂಬರ್ಧ ನಡೆಯಿತು.

ಅಪ್ಪಂದಿರಿಗೆ ಹೇಳಿದ್ದು ಒಂದೇ: ಮಧ್ಯರಾತ್ರಿ ಕಿತ್ಕೋಬೇಡಿ. ಕಿತ್ಕೊಂಡ ಮನೆಗಳಲ್ಲಿ ಜಗಳ ಹೆಚ್ಚಾಯಿತೇ ಹೊರತು ಫೋನ್ ಕಡಿಮೆ ಆಗಲಿಲ್ಲ. ಊಟ, ಸ್ನಾನ ಬಿಟ್ಟು ಕೂತವರನ್ನು ನಾನು ಇಟ್ಟುಕೊಳ್ಳಲಿಲ್ಲ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಅತಿಬಳಕೆಗೆ ಅಂತಲೇ 2014ರಲ್ಲೇ ಶುರುವಾದ ಶಟ್ ಕ್ಲಿನಿಕ್‌ನ ವಿಷಯ ಮನೆಯವರಿಗೆ ಹೇಳಿದೆ. ಈಗಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸುತ್ತೇನೆ. ಅದು ಬಂದದ್ದು 2022ರ ಅಕ್ಟೋಬರ್‌ನಲ್ಲಿ.