ಗಾಳಿಯ ದಿಕ್ಕು ನೋಡದೆ ನೀರಿಗಿಳಿಯಬೇಡಿ

ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ, ಅಂದರೆ ಕೈಟ್, ಎಳೆಯುವ ಹಲಗೆಯ ಮೇಲೆ ನಿಂತು ಸಾಗುವುದು), ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ಸಾಗುವುದು) ಕಲಿಯುತ್ತಿರುವವರು ಗಾಳಿಯ ವೇಗಕ್ಕಿಂತ ಮೊದಲು ದಿಕ್ಕು ನೋಡಿ. ಒಂದು ಹಿಡಿ ಒಣ ಮರಳನ್ನು ಮೇಲಿಂದ ನಿಧಾನವಾಗಿ ಬಿಡಿ. ಅದು ಸಮುದ್ರದ ಕಡೆ ಹಾರಿದರೆ ಅವತ್ತು ಇಳಿಯಲೇಬೇಡಿ. ದಡದ ಹತ್ತಿರ ನೀರು ಶಾಂತವಾಗಿ, ಬಾ ಅಂತ ಕರೆಯುವ ಹಾಗೆಯೇ ಕಾಣುತ್ತದೆ. ಆದರೆ ಹಗ್ಗ ಸಿಕ್ಕಿಕೊಂಡರೆ, ಹಾಯಿ ಬಿದ್ದರೆ, ಆ ಗಾಳಿ ನಿಮ್ಮನ್ನು ದಡದಿಂದ ದೂರಕ್ಕೇ ಒಯ್ಯುತ್ತದೆ. ಸಮುದ್ರದಿಂದ ದಡಕ್ಕೆ ಓರೆಯಾಗಿ ಬೀಸುವ ಗಾಳಿ ಒಳ್ಳೆಯದು. ನೇರವಾಗಿ ಬೀಸಿದರೆ ಕೈಟ್‌ನವರಿಗೆ ಕಷ್ಟ, ಮರಳಿನ ಮೇಲೆ ಎಳೆದು ಹಾಕುತ್ತದೆ.

ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಸುಮಾರು 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಗಾಳಿ ಇದೆ ಅಂತ ಲೆಕ್ಕ. ಬಿಸಿಲಿನ ದಿನ ಮಧ್ಯಾಹ್ನ ಸಮುದ್ರದ ಗಾಳಿ ಜಾಸ್ತಿಯಾಗಬಹುದು, ಬೆಳಗಿನ ಲೆಕ್ಕ ಹಿಡಿದು ದೊಡ್ಡ ಕೈಟ್ ಕಟ್ಟಬೇಡಿ. ದೂರದಲ್ಲಿ ಕಪ್ಪು ಮೋಡ ಏಳುತ್ತಿದ್ದರೆ ತಕ್ಷಣ ದಡಕ್ಕೆ ಬಂದು ಕೈಟ್, ಹಾಯಿ ಇಳಿಸಿಬಿಡಿ.