ಬಾಯಿ ಯಾವ ಕಡೆಗಿದೆ ಎಂದು ಮೊದಲು ನೋಡಿ

ಚಿಕ್ಕಪ್ಪ ಆ ದಿನ ಅರ್ಧ ಬಕೆಟ್ ಬಸವನಹುಳು ತುಂಬಿಕೊಂಡು ಗದ್ದೆಯಿಂದ ನೇರವಾಗಿ ಜಗಲಿಗೆ ಬಂದರು. ನಾಟಿಯಾಗಿ ಹತ್ತು ದಿನ ಕಳೆದಿತ್ತು. "ನೋಡವ್ವ, ಮೊಬೈಲಿನಲ್ಲಿ ತೋರಿಸಿದ್ದು ಇದನ್ನೇ. ಹೊರದೇಶದ್ದಂತೆ. ಒಂದೇ ರಾತ್ರಿಗೆ ಪೈರನ್ನು ಬುಡದಲ್ಲಿ ಕಡಿದುಹಾಕುತ್ತದಂತೆ. ಮೈಲುತುತ್ತ ತಂದಿಟ್ಟಿದ್ದೇನೆ, ಬೆಳಿಗ್ಗೆ ಹಾಕುತ್ತೇನೆ" ಎಂದರು.

ನಾನು ಮಂಡ್ಯದಲ್ಲಿ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೃದ್ವಂಗಿಗಳ ಪಾಠ ಬಂದಾಗಲೆಲ್ಲ ಹಲಗೆಯ ಮೇಲೆ ಉದಾಹರಣೆಯಾಗಿ 'ಪೈಲಾ' ಎಂದು ಬರೆಯುತ್ತಾ ಬಂದವಳು. ಆದರೂ ಆ ಬಕೆಟ್ಟಿನೊಳಗೆ ಬಗ್ಗಿ ನೋಡಿದಾಗ, ಅದರಲ್ಲಿರುವುದು ನಮ್ಮ ಪೈಲಾವೋ ವಿಡಿಯೊದಲ್ಲಿ ಕಂಡ ದಕ್ಷಿಣ ಅಮೆರಿಕದ ಪೊಮೇಸಿಯವೋ ಎಂದು ಹೇಳಲು ನನ್ನಿಂದ ಆಗಲಿಲ್ಲ. ಹೆಸರು ಗೊತ್ತಿತ್ತು, ಪ್ರಾಣಿ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಟ್ಟೆ. ಮರುದಿನ ಕೆಳಗಿನ ಗದ್ದೆಗೆ ಮೈಲುತುತ್ತ ಬಿತ್ತು. ಸಂಜೆಯ ಹೊತ್ತಿಗೆ ಬದುವಿನ ಪಕ್ಕದ ನೀರಿನಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಾಮ್ರದ ವಿಷ ಹುಳುವನ್ನು ಕೊಲ್ಲುವಷ್ಟೇ ಸುಲಭವಾಗಿ ಮೀನನ್ನೂ ಕೊಲ್ಲುತ್ತದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬಕೆಟ್ಟಿನಲ್ಲಿ ಉಳಿದಿದ್ದ ಹುಳುಗಳನ್ನು ಸ್ಟೀಲ್ ತಟ್ಟೆಗೆ ಸುರಿದುಕೊಂಡು ಕುಳಿತೆ. ಆರು ವರ್ಷಗಳ ಹಿಂದಿನ ಆ ರಾತ್ರಿಯಿಂದ ಈ ಕೆಲಸ ಬಿಟ್ಟಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಮುಚ್ಚಳ. ಒಳಗೆ ಸರಿದುಕೊಂಡ ಹುಳು ತನ್ನ ಬಾಗಿಲನ್ನು ಎಳೆದುಕೊಂಡಿತ್ತು. ಉಗುರಿನಿಂದ ತಟ್ಟಿದೆ. ಟಿಕ್ ಎಂದಿತು, ಪಿಂಗಾಣಿ ಬಟ್ಟಲಿಗೆ ಚಮಚ ತಾಗಿದ ಹಾಗೆ. ಸತ್ತಿದ್ದ ಒಂದರಿಂದ ಮುಚ್ಚಳ ಬಿಡಿಸಿ ಬಗ್ಗಿಸಲು ನೋಡಿದೆ, ಬಗ್ಗಲಿಲ್ಲ. ಸುಣ್ಣಕಲ್ಲಿನಂತೆ ಗಟ್ಟಿ, ಒಳಮೈ ಮುತ್ತಿನ ಹೊಳಪು. ಪೈಲಾದ ಗುರುತು ಇದೇ. ಪೊಮೇಸಿಯದ ಮುಚ್ಚಳ ಉಗುರಿನ ಜಾತಿಯದು: ಕಂದು ಬಣ್ಣ, ತೆಳು, ಒತ್ತಿದರೆ ಬಾಗುತ್ತದೆ. ಬಕೆಟ್ಟಿನಲ್ಲಿದ್ದ ಅಷ್ಟೂ ಮುಚ್ಚಳಗಳು ಕಲ್ಲಿನಂಥವೇ. ಹಸಿರು ಛಾಯೆಯ ಆ ದುಂಡು ಚಿಪ್ಪುಗಳು ನಮ್ಮ ಗದ್ದೆಗಳಲ್ಲಿ ಅಜ್ಜನ ಕಾಲದಿಂದಲೂ ಇದ್ದ ಪೈಲಾ.

ಎರಡನೆಯ ಗುರುತು ಮೊಟ್ಟೆ. ಇದಕ್ಕೆ ಹುಳುವನ್ನು ಹಿಡಿಯುವುದೂ ಬೇಡ. ಹೊರಗಿನ ಪೊಮೇಸಿಯ, ಅಂದರೆ ಗೋಲ್ಡನ್ ಆ್ಯಪಲ್ ಸ್ನೇಲ್, ನೀರಿನಿಂದ ಮೇಲಕ್ಕೆ ಹತ್ತಿ ಪೈರಿನ ದಂಟಿಗೋ ತೂಬಿನ ಗೋಡೆಗೋ ಎದ್ದು ಕಾಣುವ ಗುಲಾಬಿ ಬಣ್ಣದ ಗೊಂಚಲನ್ನು ಅಂಟಿಸುತ್ತದೆ. ಪೈಲಾ ಹಾಗಲ್ಲ. ಬದುವಿನ ಒದ್ದೆ ಮಣ್ಣಿನಲ್ಲಿ ಸಣ್ಣ ಗುಳಿ ಮಾಡಿ, ಸಾಬಕ್ಕಿಯನ್ನು ಗುಡ್ಡೆ ಹಾಕಿದಂತೆ ಬಿಳಿಯ ಮೊಟ್ಟೆಗಳನ್ನು ಇಟ್ಟು ಹೋಗುತ್ತದೆ. ಬದು ಕಡಿಯುವಾಗ ಗುದ್ದಲಿಗೆ ಸಿಗುವ ಆ ಬಿಳಿ ಉಂಡೆಗಳನ್ನು ಚಿಕ್ಕಪ್ಪ ಎಷ್ಟೋ ಸಲ ಕಂಡಿದ್ದರು. "ಇದು ಇದರದ್ದೇ ಎಂದು ಯಾರೂ ಹೇಳಲಿಲ್ಲವಲ್ಲ" ಎಂದು ಬೇಸರಪಟ್ಟುಕೊಂಡರು. ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಹೇಳಬೇಕಾಗಿದ್ದವಳು ನಾನೇ.

ಆ ವಿಡಿಯೊ ಸುಳ್ಳಾಗಿರಲಿಲ್ಲ. 1980ರ ಸುಮಾರಿಗೆ ತಿನ್ನುವುದಕ್ಕೆಂದು ತೈವಾನಿಗೆ ತಂದ ಪೊಮೇಸಿಯ ಅಲ್ಲಿಂದ ಫಿಲಿಪೀನ್ಸ್, ವಿಯೆಟ್ನಾಂ ಗದ್ದೆಗಳಿಗೆ ಹಬ್ಬಿ ಎಳೆಯ ಪೈರನ್ನು ನಿಜಕ್ಕೂ ಹಾಳು ಮಾಡಿದೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಅಲ್ಲಿಯ ಗದ್ದೆಯ ಚಿತ್ರವನ್ನು ಪಾಂಡವಪುರದ ಪಕ್ಕದ ಗದ್ದೆಗೆ ಹಾಗೆಯೇ ಹೊಂದಿಸಿಬಿಟ್ಟಿದ್ದು ನಮ್ಮ ತಪ್ಪು. ನಾನು ಹುಡುಕಿದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗುಲಾಬಿ ಗೊಂಚಲು ಈವರೆಗೆ ಒಂದೂ ಸಿಕ್ಕಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಹಳದಿ ಚಿಪ್ಪಿನ ಅದರ ಬಂಧುಗಳು ಗಾಜಿಗೆ ಅಂಟಿಕೊಂಡಿರುವುದನ್ನು ಕಂಡಿದ್ದೇನೆ. ಆದ್ದರಿಂದ ತೊಟ್ಟಿಯ ನೀರನ್ನಾಗಲಿ ಗಿಡವನ್ನಾಗಲಿ ಕೆರೆಗೆ ಚೆಲ್ಲಬೇಡಿ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಇದಕ್ಕೆ ಬೇಕಾದ ಸಾಮಾನು ಬಹಳವೇನಿಲ್ಲ. ಬಿದಿರುಕೋಲಿಗೆ ಕಟ್ಟಿದ ಹಿಟ್ಟಿನ ಜರಡಿ, ಬಿಳಿಯ ತಟ್ಟೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಐಸ್‌ಕ್ರೀಂ ಡಬ್ಬಗಳು. ಜೊತೆಗೆ ರಬ್ಬರ್ ಬೂಟು ಮತ್ತು ಕೈಗವಸು. ಇವೆರಡನ್ನು ಯಾರೂ ಬಿಡಬಾರದು, ಕಾರಣ ಮುಂದೆ ಬರುತ್ತದೆ. ಮೊದಲ ವರ್ಷ ನಾನು ಖಾಲಿ ಚಿಪ್ಪುಗಳನ್ನೇ ಆರಿಸುತ್ತಿದ್ದೆ. ಅದರಿಂದ ಅರ್ಧ ಉಪಯೋಗವಷ್ಟೇ. ಸತ್ತ ಮೇಲೆ ಮುಚ್ಚಳ ಕಳಚಿ ಹೋಗುತ್ತದೆ, ಕೊಂಬುಗಳು ಇರುವುದಿಲ್ಲ, ಬಿಸಿಲಿಗೆ ಎಲ್ಲ ಚಿಪ್ಪೂ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ಈಗ ಜೀವಂತ ಹುಳುವನ್ನು ಅದೇ ಕೆರೆಯ ನೀರಿನಲ್ಲಿಟ್ಟು ಅದು ಹೊರಗೆ ಬರುವವರೆಗೆ ಕಾಯುತ್ತೇನೆ. ಬಾಯ್ಕಳಕ ಕೊಕ್ಕರೆ ಊಟ ಮಾಡಿ ಎದ್ದುಹೋದ ಜಾಗ ಮಾತ್ರ ಇದಕ್ಕೆ ಹೊರತು. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಈ ಹಕ್ಕಿ ಸುತ್ತಲಿನ ಗದ್ದೆಗಳಿಗೆ ಬಂದು ಪೈಲಾವನ್ನು ಹಿಡಿಯುತ್ತದೆ. ಹೆಚ್ಚಿನ ಸಲ ಚಿಪ್ಪನ್ನು ಒಡೆಯದೆಯೇ ಮಾಂಸವನ್ನು ಬಿಡಿಸಿಕೊಳ್ಳುತ್ತದೆ. ಅದು ನಿಂತಿದ್ದ ಜಾಗದಲ್ಲಿ ಚಿಪ್ಪು, ಮುಚ್ಚಳ ಎರಡೂ ಹತ್ತಿರ ಹತ್ತಿರವೇ ಬಿದ್ದಿರುತ್ತವೆ. ತರಗತಿಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮುಚ್ಚಳವಿದ್ದರೆ ಒಂದು ಗುಂಪು, ಇಲ್ಲದಿದ್ದರೆ ಇನ್ನೊಂದು. ಹೀಗೆ ಮೊದಲು ಎರಡು ಪಾಲು ಮಾಡುತ್ತೇನೆ. ಮುಚ್ಚಳವಿಲ್ಲದವುಗಳಲ್ಲೇ ನನ್ನ ದೊಡ್ಡ ತಪ್ಪು ನಡೆದದ್ದು.

ನಮ್ಮ ಕೆರೆಗಳಲ್ಲಿ ಲಿಮ್ನಿಯ ಎಂಬ ತೆಳು ಚಿಪ್ಪಿನ ಹುಳು ಇದೆ, ಇಲ್ಲಿಯದೇ. ಅದರಂತೆಯೇ ಕಾಣುವ, ಉತ್ತರ ಅಮೆರಿಕದಿಂದ ಬಂದ ಫೈಸ ಎಂಬುದೂ ಇದೆ. ಎರಡೂ ಕಂದು, ಎರಡಕ್ಕೂ ಮುಚ್ಚಳವಿಲ್ಲ, ಎರಡೂ ಉಸಿರಾಡಲು ನೀರಿನ ಮೇಲಕ್ಕೆ ಬರುತ್ತವೆ. ಬಿಡಿಸುವ ಉಪಾಯ ಸುಲಭ. ಚಿಪ್ಪಿನ ಚೂಪು ತುದಿ ಆಕಾಶಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬಾಯಿ ನಿಮ್ಮ ಬಲಗೈ ಕಡೆಗೆ ಬಂದರೆ ಲಿಮ್ನಿಯ, ಎಡಗೈ ಕಡೆಗೆ ಬಂದರೆ ಫೈಸ. ಕೃಷ್ಣರಾಜಸಾಗರದ ಕೆಳಗೆ ಬಲಮುರಿ, ಎಡಮುರಿ ಎಂಬ ಎರಡು ಜಾಗಗಳನ್ನು ನೋಡಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಸರಳವಾದ ಪಾಠವಿಲ್ಲ ಎಂದುಕೊಂಡೆ. ದಾಖಲೆ ಪುಸ್ತಕದಲ್ಲಿ 'ಬಲಮುರಿ', 'ಎಡಮುರಿ' ಎಂದೇ ಎರಡು ಕಾಲಂ ಹಾಕಿಸಿದೆ.

ಮೂರು ತಿಂಗಳ ನಂತರ ಲೆಕ್ಕ ಕೂಡಿಸಿದರೆ, ಒಬ್ಬ ಹುಡುಗಿಯ ಊರಿನ ಕೆರೆಯ ತುಂಬ ಎಡಮುರಿ. ಅಷ್ಟು ಚೊಕ್ಕ ನೀರಿನ ಕೆರೆಯಲ್ಲಿ ಫೈಸ ಹೀಗೆ ತುಂಬಿಕೊಳ್ಳುವುದೇ ಎಂದು ಗಾಬರಿಯಾಗಿ ಅವಳ ಡಬ್ಬಗಳನ್ನು ಬಿಚ್ಚಿಸಿದೆ. ಎಲ್ಲವೂ ಲಿಮ್ನಿಯ! "ಮೇಡಂ, ನಮ್ಮ ದೇವರ ಮನೆಯಲ್ಲಿ ಬಲಮುರಿ ಶಂಖ ಇದೆ. ಅಜ್ಜಿ ಅದನ್ನು ಹಿಡಿಯುವ ಹಾಗೆಯೇ ಹಿಡಿದು ನೋಡಿದೆ" ಎಂದಳು. ಅವಳು ಹಿಡಿದು ತೋರಿಸಿದಾಗ ವಿಷಯ ತಿಳಿಯಿತು. ಪೂಜೆಯ ಶಂಖವನ್ನು ಸುರುಳಿಯ ತುದಿ ಕೆಳಗೆ ಬರುವಂತೆ ಹಿಡಿದು ಬಲ, ಎಡ ಎನ್ನುತ್ತಾರೆ. ಜೀವಶಾಸ್ತ್ರದಲ್ಲಿ ತುದಿ ಮೇಲಿರಬೇಕು. ಅಂದರೆ ಪೂಜೆಗೆ ಅಪರೂಪವೆನಿಸಿದ ಬಲಮುರಿ ಶಂಖ ನಮ್ಮ ಪುಸ್ತಕದ ಪ್ರಕಾರ ಎಡಮುರಿಯೇ. ಹುಡುಗಿಯದು ತಪ್ಪಲ್ಲ, ಅವಳಿಗೆ ಮನೆಯಲ್ಲಿ ಕಲಿಸಿದ್ದು ಸರಿಯಾಗಿಯೇ ಇತ್ತು. ಎರಡು ಅರ್ಥವಿರುವ ಪದವನ್ನು ವಿವರಿಸದೆ ಕೊಟ್ಟವಳು ನಾನು. ಅಂದಿನಿಂದ ಆ ಎರಡು ಪದಗಳನ್ನು ದಾಖಲೆಯಿಂದ ತೆಗೆದುಹಾಕಿದೆ. 'ತುದಿ ಮೇಲೆ, ಬಾಯಿ ಎಡಕ್ಕೆ' ಎಂದು ಪೂರ್ತಿ ಬರೆಯಬೇಕು, ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಬೇಕು.

ಹುಳು ಹೊರಗೆ ಬಂದರೆ ಇನ್ನೊಂದು ಖಾತರಿ ಸಿಗುತ್ತದೆ. ಲಿಮ್ನಿಯದ ಕೊಂಬುಗಳು ಅಗಲವಾದ ತ್ರಿಕೋನ, ಮೇಕೆಮರಿಯ ಕಿವಿಯಂತೆ. ಫೈಸದವು ನೂಲಿನೆಳೆಯಷ್ಟು ಸಣ್ಣ. ಫೈಸದ ಚಿಪ್ಪಿನ ಮೂಲಕ ಒಳಮೈಯ ಹೊಂಬಣ್ಣದ ಚುಕ್ಕೆಗಳು ಕಾಣುತ್ತವೆ. ಅಂಚಿನಲ್ಲಿ ಮೈಪೊರೆ ಸಣ್ಣ ಬೆರಳುಗಳಂತೆ ಚಿಪ್ಪಿನ ಮೇಲಕ್ಕೆ ಚಾಚಿಕೊಂಡಿರುತ್ತದೆ. ನಡಿಗೆಯೂ ಚುರುಕು. ಮೈಸೂರಿನ ನಮ್ಮ ಮನೆಯ ಹಿಂದಿನ ಚರಂಡಿಯಲ್ಲಿ, ಬೇರೆ ಯಾವ ಹುಳುವೂ ಬದುಕದ ಬೂದು ನೀರಿನಲ್ಲಿ, ಅಂಗೈಯಗಲದ ಪ್ಲಾಸ್ಟಿಕ್ ಚೀಲವೊಂದರ ಕೆಳಗೆ ನಲವತ್ತೊಂದು ಫೈಸಗಳನ್ನು ಎಣಿಸಿದ್ದೇನೆ. ಒಂದೇ ಹುಳು ಗಂಡೂ ಹೆಣ್ಣೂ ಆಗಿರುವುದರಿಂದ, ಜೊತೆ ಸಿಗದಿದ್ದರೆ ತಾನೊಂದೇ ಮೊಟ್ಟೆಯಿಟ್ಟು ಸಂತಾನ ಬೆಳೆಸಬಲ್ಲದು. ತೊಟ್ಟಿಗೆ ತಂದ ಒಂದು ಎಲೆಯ ಹಿಂದೆ ಅಂಟಿದ ಲೋಳೆಯ ಮುದ್ದೆಯೇ ಅದಕ್ಕೆ ಸಾಕು.

ಇದಕ್ಕೆ ಹೆಸರು ಸಿಕ್ಕಿದ ಬಗೆ ನೋಡಿ. 1805ರಲ್ಲಿ ಫ್ರಾನ್ಸಿನ ದ್ರಾಪರ್ನೋ ಗರೋನ್ ನದಿಯಲ್ಲಿ ಸಿಕ್ಕಿದ ಚಿಪ್ಪುಗಳನ್ನು ನೋಡಿ ಇದನ್ನು ವರ್ಣಿಸಿದ. ಬಹಳ ಕಾಲ ಎಲ್ಲರೂ ಇದನ್ನು ಯುರೋಪಿನದೇ ಎಂದು ನಂಬಿದ್ದರು. ಅಲ್ಲಿಗೂ ಅದು ವಲಸೆ ಬಂದದ್ದೇ. ನಮ್ಮ ನಾಲೆಯ ಕೆಸರಿನಲ್ಲಿ ಮೊಳೆಯಂತೆ ಚೂಪಾಗಿರುವ ಮೆಲನಾಯ್ಡಿಸ್ ಇದೆಯಲ್ಲ, ಅದರ ಕಥೆ ಇದಕ್ಕೆ ತಿರುಗುಮುರುಗು. 1774ರಲ್ಲಿ ಮ್ಯುಲ್ಲರ್ ಅದನ್ನು ಹೆಸರಿಸಿದ್ದು ಕೋರಮಂಡಲ ತೀರದ ಚಿಪ್ಪಿನಿಂದ. ಇಲ್ಲಿ ಅದು ಮನೆಯವರ ಹಾಗೆ, ಅಮೆರಿಕದ ಹೊಳೆಗಳಲ್ಲಿ ಅದೇ ಆಕ್ರಮಣಕಾರಿ. ಹಾಗಾಗಿ 'ಇದು ಪರದೇಶಿ ಹುಳುವೇ?' ಎಂದು ಯಾರಾದರೂ ಕೇಳಿದರೆ 'ಯಾವ ಊರಿನಲ್ಲಿ ನಿಂತು ಕೇಳುತ್ತಿದ್ದೀರಿ?' ಎಂದು ನಾನು ತಿರುಗಿ ಕೇಳುತ್ತೇನೆ.

ಮಳೆಗಾಲದಲ್ಲಿ ಪಪ್ಪಾಯಿ ಗಿಡಕ್ಕೆ ಹತ್ತುವ ಅಂಗೈಯುದ್ದದ ಆಫ್ರಿಕನ್ ಬಸವನಹುಳುವನ್ನು ಕೆಲವರು ಇದೇ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ನೆಲದ ಪ್ರಾಣಿ, ನೀರಿನಲ್ಲಿ ಮುಳುಗಿದರೆ ಸಾಯುತ್ತದೆ. 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟದ್ದು. ತೋಟಕ್ಕೆ ಅದು ನಿಜವಾದ ಪೀಡೆ, ಆದರೆ ಕೆರೆಯ ಮಾತಿಗೆ ಅದು ಬರುವುದಿಲ್ಲ.

ಈಗ ಬೂಟಿನ ವಿಷಯ. ಒಬ್ಬ ರೈತರು ತಮ್ಮ ಹಸು ಗೊರಕೆ ಹೊಡೆದಂತೆ ಉಸಿರಾಡುತ್ತಿದೆ, ಮೂಗಿನಿಂದ ಸಿಂಬಳ ಸುರಿಯುತ್ತಿದೆ, ಕೆರೆಗೆ ಬಂದ ಹೊಸ ಹುಳುವೇ ಇದಕ್ಕೆ ಕಾರಣವಿರಬೇಕು ಎಂದು ನನ್ನನ್ನು ಕರೆಸಿದರು. ಹಸು ನೀರು ಕುಡಿಯುವ ಕಟ್ಟೆಯಲ್ಲಿ ಜರಡಿ ಆಡಿಸಿದೆ. ಫೈಸ ಒಂದೂ ಇಲ್ಲ. ಸಿಕ್ಕಿದ್ದು ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ, ಗಾಢ ಕಂದು ಬಣ್ಣದ ಇಂಡೋಪ್ಲಾನಾರ್ಬಿಸ್. ಒಂದರ ಚಿಪ್ಪು ತಟ್ಟೆಯಲ್ಲೇ ಒಡೆದಾಗ ನೀರು ಕೆಂಪಾಯಿತು. ನಮ್ಮ ರಕ್ತದಲ್ಲಿರುವಂತೆ ಅದರ ರಕ್ತದಲ್ಲೂ ಹಿಮೋಗ್ಲೋಬಿನ್ ಇದೆ. ಅದು ಅಪ್ಪಟ ನಮ್ಮ ನಾಡಿನ ಹುಳು. ಗೊರಕೆ ರೋಗ ತರುವ ಶಿಸ್ಟೊಸೋಮ ನೇಸೇಲ್ ಎಂಬ ಜಂತು ಬೆಳೆಯುವುದು ಅದರೊಳಗೇ. ಜಂತು ಹಸುವಿನ ಮೂಗಿನ ರಕ್ತನಾಳದಲ್ಲಿ ವಾಸಿಸುತ್ತದೆ. ಹಸು ನೀರಿಗೆ ಮೂತಿಯಿಟ್ಟಾಗ ಸಿಂಬಳದ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಅದರಿಂದ ಹೊರಬಂದ ಮರಿ ಈ ಚಪ್ಪಟೆ ಹುಳುವನ್ನು ಹೊಕ್ಕು, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು ಮತ್ತೆ ನೀರಿಗೆ ಇಳಿದು, ದನದ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಇಂಥ ಜಂತುಗಳ ಮರಿ ಮನುಷ್ಯರ ಚರ್ಮವನ್ನೂ ಹೊಕ್ಕು ನೋಡುತ್ತದೆ. ನಮ್ಮಲ್ಲಿ ಬೆಳೆಯಲಾಗದೆ ಅಲ್ಲೇ ಸಾಯುತ್ತದೆ, ಉಳಿಯುವುದು ನವೆ ಮತ್ತು ಕೆಂಪು ಗಂದೆ. ಗದ್ದೆಗಿಳಿದು ಬಂದವರು ರಾತ್ರಿಯೆಲ್ಲ ಕಾಲು ಕೆರೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಅವರಿಗೆ ಎರಡೇ ಮಾತು ಹೇಳಿದೆ. ಹಸುವನ್ನು ಪಶುವೈದ್ಯರಿಗೆ ತೋರಿಸಿ, ಮತ್ತು ಕಟ್ಟೆಗೆ ಬಿಡದೆ ತೊಟ್ಟಿಯಲ್ಲಿ ಬೋರ್‌ವೆಲ್ ನೀರು ಕುಡಿಸಿ. ಔಷಧದ ಹೆಸರು ನಾನು ಹೇಳುವುದಿಲ್ಲ, ಅದು ನನ್ನ ಕೆಲಸವಲ್ಲ. "ಹಾಗಾದರೆ ಹೊರಗಿನ ಹುಳು ಒಳ್ಳೆಯದೇನಮ್ಮ?" ಎಂದು ಅವರು ಕೇಳಿದರು. ಒಳ್ಳೆಯದೆಂದಲ್ಲ, ಅದು ಇಲ್ಲಿಯ ಹುಳುಗಳ ಜಾಗವನ್ನು ಕಸಿಯಬಹುದು. ಆದರೆ ಎಲ್ಲಿಂದ ಬಂತು ಎನ್ನುವುದು ಒಂದು ಪ್ರಶ್ನೆ, ಏನು ಮಾಡುತ್ತದೆ ಎನ್ನುವುದು ಬೇರೆಯದೇ ಪ್ರಶ್ನೆ. ಎರಡಕ್ಕೂ ಉತ್ತರ ಸಿಗುವ ತನಕ ನೀರಿಗೆ ವಿಷ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನಾಲೆಯ ನೀರು ನಿಂತು ಗದ್ದೆ ಬಿರುಕು ಬಿಡುವ ಕಾಲದಲ್ಲಿ ಕಳೆದ ವರ್ಷ ಚಿಕ್ಕಪ್ಪನ ಜೊತೆ ಆ ಕೆಳಗಿನ ಗದ್ದೆಗೆ ಹೋಗಿದ್ದೆ. ಮೈಲುತುತ್ತ ಬಿದ್ದ ಮೇಲೆ ನಾಲ್ಕು ವರ್ಷ ಅಲ್ಲಿ ಪೈಲಾ ಕಂಡಿರಲಿಲ್ಲ. ಒಂದು ಮೊಳ ಅಗೆದಾಗ ಮಣ್ಣಿನಲ್ಲಿ ಮೂರು ಸಿಕ್ಕಿದವು, ಮುಚ್ಚಳ ಬಿಗಿಯಾಗಿ ಎಳೆದುಕೊಂಡು ಮಳೆಗಾಗಿ ಮಲಗಿದ್ದವು. ಚಿಕ್ಕಪ್ಪ ಒಂದನ್ನು ಎತ್ತಿ ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದರು. "ಕಲ್ಲೇ ಕಣವ್ವ" ಎಂದು, ಇದ್ದ ಗುಳಿಯಲ್ಲೇ ಮತ್ತೆ ಇಟ್ಟು ಮಣ್ಣು ಮುಚ್ಚಿದರು.

ಈಗ ನನ್ನ ಅಡುಗೆಮನೆಯ ಕಿಟಕಿಯ ಮೇಲೆ ಒಂದು ಡಬ್ಬವಿದೆ. ಊರಿನ ಬಸಿಗಾಲುವೆಯಲ್ಲಿ ಸಿಕ್ಕ ಸಾಸಿವೆಗಿಂತ ತುಸು ದೊಡ್ಡ ಮರಿಗಳು ಅದರಲ್ಲಿವೆ. ಮಸೂರದಲ್ಲಿ ನೋಡಿದರೂ ಬಾಯಿ ಎತ್ತ ಕಡೆಗಿದೆ ಎಂದು ಸ್ಪಷ್ಟವಾಗುತ್ತಿಲ್ಲ. ಬೇಯಿಸಿದ ಸೊಪ್ಪಿನ ಚೂರು ಹಾಕುತ್ತಿದ್ದೇನೆ. ಇನ್ನೊಂದು ಹದಿನೈದು ದಿನ ಬೆಳೆಯಲಿ, ಆಮೇಲೆ ಪುಸ್ತಕದಲ್ಲಿ ಬರೆಯುತ್ತೇನೆ.