ಆಪರೇಷನ್ ಕಾಲು ಗಂಟೆ, ಹನಿ ಹಾಕುವುದು ತಿಂಗಳು

ಪೊರೆಯ (ಕ್ಯಾಟರಾಕ್ಟ್) ಆಪರೇಷನ್ ಆದ ಅಮ್ಮನ ಕಣ್ಣಿಗೆ ಹನಿ ಹಾಕು ಅಂದರೆ ಒಂದು ಕೈಯಲ್ಲಿ ಮೊಬೈಲ್ ಹಿಡಿದೇ ಬರುತ್ತಾರೆ. ನಿಂತಲ್ಲಿಂದಲೇ ಟಪಟಪ ಮೂರು ಹನಿ ಸುರಿಯುತ್ತಾರೆ. ಹುಬ್ಬಿಗೊಂದು, ಕೆನ್ನೆಗೊಂದು, ಒಂದು ಕಣ್ಣೊಳಗೆ ಬಿದ್ದರೆ ಪುಣ್ಯ. ಆಮೇಲೆ ಡಾಕ್ಟರ ಮುಂದೆ ಕೂತು "ಡ್ರಾಪ್ಸ್ ಎಲ್ಲ ಸರಿಯಾಗಿ ಹಾಕ್ತಿದ್ದೀವಿ" ಅನ್ನುವುದು ಬೇರೆ. ಡಾಕ್ಟರ ಕೆಲಸ ಹೆಚ್ಚುಕಮ್ಮಿ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ ಕಣ್ರಪ್ಪಾ. ಆಮೇಲಿನ ನಾಲ್ಕರಿಂದ ಆರು ವಾರ ಮನೆಯವರದು, ಅಲ್ಲೇ ಎಲ್ಲರೂ ಎಡವುವುದು.

ಹಿಂದಿನ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟುಕೊಂಡು ದಿನಗಟ್ಟಲೆ ಅಲ್ಲಾಡದೆ ಮಲಗಬೇಕಿತ್ತು. ಆಮೇಲೆ ಜೀವಮಾನವಿಡೀ ಸೋಡಾ ಬಾಟಲಿಯ ತಳದಂಥ ಕನ್ನಡಕ. ಇಂಗ್ಲೆಂಡಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣೊಳಗೇ ಕೃತಕ ಲೆನ್ಸ್ ಕೂರಿಸಿದರು, ಅಮೆರಿಕದ ಡಾಕ್ಟರ್ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರಿ ತೆಗೆಯುವ ದಾರಿ ತೋರಿಸಿದರು. ಈ ರೀತಿಯಲ್ಲಿ ಗಾಯ ಎರಡು ಮೂರು ಮಿಲಿಮೀಟರ್ ಅಷ್ಟೆ, ಸಾಮಾನ್ಯವಾಗಿ ಹೊಲಿಗೆಯೇ ಇಲ್ಲ. ಹೊಲಿಗೆ ಇಲ್ಲ ಅಂದ ತಕ್ಷಣ ಗಾಯವೇ ಇಲ್ಲ ಅಂದುಕೊಂಡುಬಿಡುತ್ತಾರೆ, ತಪ್ಪು ಅದೇ. ಆ ಗಾಯ ಕಣ್ಣಿನ ಒಳಗಿನ ಒತ್ತಡದಿಂದಲೇ ಬಾಗಿಲು ಒತ್ತಿಕೊಂಡ ಹಾಗೆ ಮುಚ್ಚಿಕೊಂಡಿರುತ್ತದೆ. ಹೊರಗಿನಿಂದ ಉಜ್ಜಿದರೆ ಬಾಗಿಲು ತೆರೆಯುತ್ತದೆ, ಕೊಳೆ ನೀರು ಒಳಗೆ ಹೋಗುತ್ತದೆ.

"ಪೊರೆ ಇನ್ನೂ ಬಲಿಯಲಿ" ಅಂತ ಕಾಯುವ ಹಿರಿಯರಿಗೂ ಒಂದು ಮಾತು. ಬಲಿಯಲು ಅದೇನು ಹಲಸಿನಕಾಯೇ? ಓದಲು, ಮೆಟ್ಟಿಲಿಳಿಯಲು, ಎದುರು ಬರುವವರ ಮುಖ ಗುರುತಿಸಲು ತೊಂದರೆ ಆಗುತ್ತಿದ್ದರೆ ಅದೇ ಸಮಯ. ತೀರಾ ಬಲಿತ ಪೊರೆ ಗಟ್ಟಿಯಾಗುತ್ತದೆ, ಒಡೆಯಲು ಹೆಚ್ಚು ಶಕ್ತಿ ಬೇಕು, ಕಣ್ಣಿಗೆ ಹೆಚ್ಚು ಪೆಟ್ಟು. ಹೋಗುವ ಮುಂಚೆ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತೋರಿಸಿ. ಅದರಲ್ಲೂ ಗಂಡಸರು ಪ್ರಾಸ್ಟೇಟಿಗೆ ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ವಿಷಯ ಮುಚ್ಚಿಡಬಾರದು, ಅದರಿಂದ ಕಣ್ಣಿನ ಪಾಪೆ ಸರಿಯಾಗಿ ಅರಳದೆ ಆಪರೇಷನ್ ಮಾಡುವವರಿಗೆ ಕಷ್ಟ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ಸುಮ್ಮನಿರುವವರೇ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕಣ್ಣಿನ ಅಳತೆ ತೆಗೆಯುವುದಕ್ಕೆ ಎಷ್ಟು ದಿನ ಮುಂಚೆ ಬಿಡಬೇಕು ಅಂತ ವಿಚಾರಿಸಿ. ಅಳತೆ ತಪ್ಪಿದರೆ ಒಳಗೆ ಕೂರಿಸುವ ಲೆನ್ಸಿನ ನಂಬರೂ ತಪ್ಪುತ್ತದೆ.

ಮನೆಯಲ್ಲಿ ಧೂಳು ಹೊಡೆಯುವ ಕೆಲಸ ಏನಿದ್ದರೂ ಆಪರೇಷನ್ನಿನ ಹಿಂದಿನ ದಿನವೇ ಮುಗಿಸಿ. ಫ್ಯಾನಿನ ರೆಕ್ಕೆ ಒರೆಸುವುದಾದರೆ ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಎಳೆಯಿರಿ, ಧೂಳೆಲ್ಲ ಚೀಲದೊಳಗೇ ಬೀಳುತ್ತದೆ. ಒಣ ಬಟ್ಟೆಯಲ್ಲಿ ಪಟಪಟ ಬಡಿದು ಇಡೀ ಕೋಣೆಗೆ ಧೂಳು ಹರಡಿ, ಆಮೇಲೆ ಹಾಸಿಗೆ ಕೊಡವುವ ಜಾಣತನ ಯಾರು ಕಲಿಸಿದರೋ. ಇರಲಿ, ಹನಿಯ ವಿಷಯಕ್ಕೆ ಬರೋಣ.

ಮೊದಲು ಬಾಟಲಿಗಳು. ಸಾಮಾನ್ಯವಾಗಿ ಎರಡು ಮೂರು ಇರುತ್ತವೆ: ಸೋಂಕು ತಡೆಯಲು ಒಂದು, ಊತ ಇಳಿಸಲು ಸ್ಟೀರಾಯ್ಡ್ ಒಂದು, ಕೆಲವೊಮ್ಮೆ ನೋವು, ಊತಕ್ಕೆ ಇನ್ನೊಂದು. ಎಲ್ಲ ಒಂದೇ ಗಾತ್ರ, ಅಕ್ಷರ ಇರುವೆಯಷ್ಟು. ಒಂದಕ್ಕೆ ಒಂದು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಎರಡು, ಮೂರನೆಯದಕ್ಕೆ ಬೇಡ. ಕಣ್ಣು ಮಂಜಾಗಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ಯಾವುದು ಎಷ್ಟು ಹೊತ್ತಿಗೆ ಅಂತ ಒಂದು ಹಾಳೆ ಗೋಡೆಗೆ ಅಂಟಿಸಿ, ಹಾಕಿದ ಕೂಡಲೇ ಗೆರೆ ಎಳೆಯಿರಿ, ರಾತ್ರಿ ನೆನಪಿಸಿಕೊಂಡಲ್ಲ. ಸ್ಟೀರಾಯ್ಡನ್ನು ಸಾಮಾನ್ಯವಾಗಿ ವಾರವಾರವೂ ಕಡಿಮೆ ಮಾಡುತ್ತಾ ಬರಲು ಹೇಳುತ್ತಾರೆ. ಕೆಂಪು ಹೋಯಿತಲ್ಲ ಅಂತ ಒಮ್ಮೆಲೇ ಬಿಟ್ಟರೆ ಊತ ಮರುಕಳಿಸುತ್ತದೆ. ಒಳ್ಳೆಯದೇ ಅಲ್ಲವಾ ಅಂತ ಮುಂದುವರಿಸಿಕೊಂಡು ಹೋದರೆ ಕಣ್ಣಿನ ಒತ್ತಡ ಏರುತ್ತದೆ. ಹಾಲಿನ ಹಾಗೆ ಬೆಳ್ಳಗಿರುವ ಹನಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಔಷಧಿ ತಳದಲ್ಲಿ ಕೂತಿರುತ್ತದೆ, ಕುಲುಕದಿದ್ದರೆ ಮೇಲಿನ ತಿಳಿಯಷ್ಟೇ ಕಣ್ಣಿಗೆ.

ಈಗ ಹಾಕುವ ರೀತಿ. ಸೋಪು ಹಚ್ಚಿ ಕೈ ತೊಳೆಯಿರಿ, ಉಗುರಿನ ಸಂದೂ ಸೇರಿ, ಒಗೆದ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಪಾತ್ರೆ ಒರೆಸುವ ಬಟ್ಟೆಯಲ್ಲಲ್ಲ! ರೋಗಿಯನ್ನು ಮಲಗಿಸಿ. ಕೂತು ಕತ್ತು ಹಿಂದಕ್ಕೆ ಬಗ್ಗಿಸಿದರೆ ವಯಸ್ಸಾದವರಿಗೆ ತಲೆ ಸುತ್ತುತ್ತದೆ, ಜೊತೆಗೆ ಅವರು ಅಲ್ಲಾಡುತ್ತಲೇ ಇರುತ್ತಾರೆ. ತಲೆಯ ಹಿಂಬದಿಯಲ್ಲಿ ನಿಂತುಕೊಳ್ಳಿ. ಬಾಟಲಿ ಮೇಲಿನಿಂದ ಬರುವುದು ಕಂಡರೆ ಯಾರಾದರೂ ಕಣ್ಣು ಮುಚ್ಚುತ್ತಾರೆ, ಹಿಂದಿನಿಂದ ಬಂದರೆ ಅಷ್ಟು ಬೆದರುವುದಿಲ್ಲ. ಗದ್ದದ ಕಡೆ ನೋಡಿ ಅನ್ನಬೇಡಿ, ಹಣೆಯ ಕಡೆ, ನಿಮ್ಮ ಮುಖದ ಕಡೆ ನೋಡಲು ಹೇಳಿ. ಎಡಗೈ ತೋರುಬೆರಳನ್ನು ಕೆನ್ನೆಯ ಮೂಳೆಯ ಮೇಲಿಟ್ಟು ಚರ್ಮವನ್ನು ಕೆಳಕ್ಕೆ ಜಾರಿಸಿ. ಕಣ್ಣುಗುಡ್ಡೆಗೆ ಬೆರಳಿನ ಭಾರ ಒಂದಿಷ್ಟೂ ಬೀಳಬಾರದು, ಮೂಳೆಯೇ ಭಾರ ಹೊರಲಿ. ಆಗ ಕೆಳರೆಪ್ಪೆ ಅಂಗಿಯ ಜೇಬಿನ ಹಾಗೆ ಬಾಯಿ ತೆರೆಯುತ್ತದೆ. ಬಲಗೈಯ ಮಣಿಕಟ್ಟನ್ನು ಅವರ ಹಣೆಗೆ ಊರಿ. ಇದೇ ಗುಟ್ಟು ಅನ್ನಿ: ಅವರು ಬೆಚ್ಚಿ ತಲೆ ಎತ್ತಿದರೆ ನಿಮ್ಮ ಕೈಯೂ ಜೊತೆಗೇ ಏಳುತ್ತದೆ, ಬಾಟಲಿ ಕಣ್ಣಿಗೆ ಚುಚ್ಚುವುದಿಲ್ಲ. ಮೂತಿ ರೆಪ್ಪೆಗೂದಲಿಗೆ ತಾಗದಂತೆ ಒಂದು ಬೆರಳಿನ ಅಗಲದಷ್ಟು ಮೇಲೆ ಹಿಡಿದು ಜೇಬಿನೊಳಗೆ ಒಂದೇ ಒಂದು ಹನಿ. ಆ ಒಂದು ಹನಿಯೇ ಕಣ್ಣು ಹಿಡಿಯುವುದಕ್ಕಿಂತ ಹೆಚ್ಚು, ಎರಡನೆಯದು ಕೆನ್ನೆ ತೊಳೆಯಲು ಮಾತ್ರ.

ಬಿತ್ತು ಅಂತ ಎದ್ದುಬಿಡಬೇಡಿ. ಕಣ್ಣನ್ನು ನಿದ್ದೆಯಲ್ಲಿರುವಷ್ಟು ಹಗುರವಾಗಿ ಮುಚ್ಚಲಿ. ಪಟಪಟ ಬಡಿಯಬಾರದು, ಬಿಗಿಹಿಡಿಯಲೂಬಾರದು. ಕಣ್ಣಿನ ಮೂಲೆ ಮೂಗಿಗೆ ಸೇರುವ ಜಾಗದಲ್ಲಿ, ಮೂಗಿನ ಮೂಳೆಯ ಕಡೆಗೆ, ಶುಭ್ರವಾದ ಬೆರಳ ತುದಿಯಿಂದ ಮೆಲ್ಲಗೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿಂದಲೇ ಕಣ್ಣೀರು ಮೂಗಿಗೆ ಇಳಿಯುವುದು. ಹನಿ ಹಾಕಿದ ಮೇಲೆ ಗಂಟಲು ಕಹಿ ಅನ್ನುತ್ತಾರಲ್ಲ, ಅದು ಕಣ್ಣಿಗೆ ದಕ್ಕದೆ ಗಂಟಲಿಗೆ ಇಳಿದ ಔಷಧಿ. ಗಾಯದ ಕಣ್ಣಿನ ಹತ್ತಿರ ಒತ್ತಲು ಅಂಜಿಕೆಯಾದರೆ ಸುಮ್ಮನೆ ಮುಚ್ಚಿಸಿ ಮಲಗಿಸಿದರೂ ಸಾಕು. ಮುಂದಿನ ಬಾಟಲಿಗೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ಕೊಚ್ಚಿಕೊಂಡು ಹೋಗುತ್ತದೆ. ಮುಲಾಮು ಇದ್ದರೆ ಕೊನೆಗೆ, ಜಿಡ್ಡಿನ ಮೇಲೆ ಹನಿ ನಿಲ್ಲುವುದಿಲ್ಲ. ಒಂಟಿಯಾಗಿರುವವರು ಮಲಗಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯ ಗುಳಿಗೆ ಹನಿ ಬಿಟ್ಟುಕೊಂಡು ಆಮೇಲೆ ಕಣ್ಣು ತೆರೆಯಲಿ, ತಾನೇ ಒಳಗೆ ಹರಿಯುತ್ತದೆ. ಅದಕ್ಕೆ ಮುಂಚೆ ರೆಪ್ಪೆ ಶುಚಿಯಾಗಿರಬೇಕು ಅಷ್ಟೆ.

ಬೆಳಿಗ್ಗೆ ಗೀಜು ಕಟ್ಟಿದ್ದರೆ ಉಗುರಿನಿಂದ ಕೀಳಬೇಡಿ. ಕುದಿಸಿ ಆರಿಸಿದ ನೀರಲ್ಲಿ ಶುದ್ಧ ಹತ್ತಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಎಳೆತ. ಆ ಹತ್ತಿ ಬುಟ್ಟಿಗೆ, ಮುಂದಿನದಕ್ಕೆ ಹೊಸದು.

ರಾತ್ರಿ ಕಣ್ಣಿನ ಮೇಲೆ ಪ್ಲಾಸ್ಟಿಕ್ ಕವಚ ಬೇಕೇ ಬೇಕು, ಕನಿಷ್ಠ ಒಂದು ವಾರ. ನಿದ್ದೆಯಲ್ಲಿ ಕೈ ಯಾರ ಮಾತೂ ಕೇಳುವುದಿಲ್ಲ. ಕವಚದ ಅಂಚು ಹುಬ್ಬಿನ ಮೂಳೆ, ಕೆನ್ನೆಯ ಮೂಳೆಯ ಮೇಲೆ ಕೂರಬೇಕು. ಟೇಪನ್ನು ಹಣೆಯಿಂದ ಕೆನ್ನೆಗೆ ಓರೆಯಾಗಿ ಅಂಟಿಸಿ, ಹುಬ್ಬಿನ ಕೂದಲು ತಪ್ಪಿಸಿ. ಮಲಗುವುದು ಅಂಗಾತ ಅಥವಾ ಆಪರೇಷನ್ ಆಗದ ಕಣ್ಣಿನ ಪಕ್ಕಕ್ಕೆ.

ಸ್ನಾನ ಕುತ್ತಿಗೆಯ ಕೆಳಗೆ ಮಾರನೆಯ ದಿನವೇ ಆಗಬಹುದು. ತಲೆಗೆ ನೀರು ಯಾವಾಗ ಅಂತ ಡಾಕ್ಟರು ಹೇಳಲಿ. ಹೇಳಿದ ಮೇಲೂ ತಲೆ ಹಿಂದಕ್ಕೆ ಬಾಗಿಸಿ ಬೇರೆಯವರಿಂದ ಹಾಕಿಸಿಕೊಳ್ಳಿ, ನೊರೆ ಮುಖಕ್ಕೆ ಇಳಿಯಬಾರದು. ತುಂಬಿದ ಬಕೆಟ್ ಎತ್ತುವುದು, ಕಕ್ಕಸಿನಲ್ಲಿ ತಿಣುಕುವುದು, ಕೆಲವು ವಾರ ಬೇಡ. ಟಿವಿ ನೋಡಬಹುದೇ, ಓದಬಹುದೇ ಅಂತ ಗಾಬರಿಪಡುತ್ತಾರೆ. ನೋಡಿ, ಓದಿ, ನೋಡುವುದರಿಂದ ಕಣ್ಣು ಸವೆಯುವುದಿಲ್ಲ. ಕನ್ನಡಕದ ನಂಬರಿಗೆ ಮಾತ್ರ ನಾಲ್ಕರಿಂದ ಆರು ವಾರ ತಡೆಯಿರಿ, ಕಣ್ಣು ಇನ್ನೂ ನೆಲೆಗೊಳ್ಳುತ್ತಿರುತ್ತದೆ.

ಮೊದಲ ದಿನಗಳಲ್ಲಿ ಮರಳು ಬಿದ್ದ ಹಾಗನ್ನಿಸುವುದು, ನೀರು ಸೋರುವುದು, ಬಿಳಿ ಗೋಡೆ ನೀಲಿಯಾಗಿ ಕಾಣುವುದು ಸಹಜ. ಇಷ್ಟು ದಿನ ಹಳದಿಗಟ್ಟಿದ ಪೊರೆಯ ಮೂಲಕ ನೋಡುತ್ತಿದ್ದರಲ್ಲ. ಆದರೆ ನೋವು ಇಳಿಯುವ ಬದಲು ಏರಿದರೆ, ಕೆಂಪು ಹೆಚ್ಚಿದರೆ, ನಿನ್ನೆ ಕಂಡದ್ದು ಇವತ್ತು ಮಸುಕಾದರೆ, ಮಿಂಚು ಹೊಡೆದಂತೆ ಅಥವಾ ಪರದೆ ಇಳಿದಂತೆ ಅನ್ನಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಕರೆ ಮಾಡಿ ಹೊರಡಿ. ಒಳಗೆ ಸೋಂಕಾದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗಬಹುದು. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಂಜಾದರೆ ಅದು ಪೊರೆ ಮರಳಿ ಬಂದದ್ದಲ್ಲ. ಲೆನ್ಸಿನ ಹಿಂದಿನ ತೆಳು ಪದರ ಮಬ್ಬಾಗಿರುತ್ತದೆ, ಲೇಸರಿನಿಂದ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ.

ಮತ್ತೆ ಆ ಅರ್ಧ ಉಳಿದ ಬಾಟಲಿಗಳು. ಕಪಾಟಿನಲ್ಲಿ ಜೋಡಿಸಿಟ್ಟು, ಆರು ತಿಂಗಳಾದ ಮೇಲೆ ಮೊಮ್ಮಗುವಿನ ಕಣ್ಣು ಕೆಂಪಾಯಿತು ಅಂತ ಹಾಕಲು ಹೋಗಬೇಡಿ. ತೆರೆದು ತಿಂಗಳಾದದ್ದನ್ನು ಎಸೆಯಿರಿ. ಇನ್ನೊಂದು ಕಣ್ಣಿನ ಆಪರೇಷನ್ನಿಗೂ ಹೊಸ ಬಾಟಲಿಯೇ.